ಅರದಿಂದ ಉಜ್ಜಿದ ಮೂರು ಚುಕ್ಕೆ

ನಾನು ಕೊಂಡಾಗ ಆ ಮೋಟಾರ್ ಸೈಕಲ್ಲಿಗೆ ಮುಂದಿನ ಚಕ್ರವೊಂದು ಇತ್ತು. ಅದು ದುಂಡಗಿತ್ತು ಎಂದು ಮಾತ್ರ ಯಾರೂ ವಾದಿಸಲಾರರು. ಯಾವುದೋ ಲಾರಿ ಅದರ ಮೇಲೆ ಹತ್ತಿ ಇಳಿದು ಹೋಗಿತ್ತು. ಪೆಟ್ರೋಲ್ ಟ್ಯಾಂಕು ಒಂದು ಮಗ್ಗುಲಿಗೆ ತಗ್ಗಿತ್ತು. ದೀಪ ಇರಲಿಲ್ಲ. ಸೀಟಿನ ಚರ್ಮವನ್ನು ಯಾರೋ ಚಪ್ಪಲಿಗೆಂದು ಕೊಯ್ದುಕೊಂಡಿದ್ದರು. ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ, ಗುಣಾಕಾರದ ಚಿಹ್ನೆಯಂತೆ, ಎರಡು ದಪ್ಪ ಗೀಟು ಎಳೆದಿದ್ದರು. ಯುದ್ಧ ಮುಗಿದು, ಅಗರಂ ಕಡೆಯ ಮೈದಾನದಲ್ಲಿ ಮಿಲಿಟರಿಯವರು ಬೇಡವಾದ ಸಾಮಾನನ್ನೆಲ್ಲ ಸಾಲಾಗಿ ನಿಲ್ಲಿಸಿ ಹರಾಜು ಹಾಕುತ್ತಿದ್ದ ದಿನಗಳವು. ಆ ಗೀಟುಗಳಿದ್ದರೆ ರಿಪೇರಿಗೆ ಯೋಗ್ಯವಲ್ಲ ಎಂದು ಅರ್ಥ.

"ಯೋಗ್ಯವಲ್ಲ ಅಂತ ತೀರ್ಮಾನ ಮಾಡಿದೋರು ಯಾರು?" ಎಂದು ಹರಾಜಿನ ಗುಮಾಸ್ತರನ್ನು ಕೇಳಿದೆ.

"ವರ್ಕ್‌ಶಾಪಿನೋರು."

"ಯಾವ ಆಧಾರದ ಮೇಲೆ?"

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು. "ತಗೊಳ್ಳೋದಾದ್ರೆ ತಗೊಳ್ರೀ. ಇಲ್ದಿದ್ರೆ ಮುಂದಿನ ಸಾಲ್ನಲ್ಲಿ ಅಡಿಗೆ ಹಂಡೆಗಳಿವೆ. ಅದಕ್ಕೆ ಆಧಾರ ಗೀಧಾರ ಏನೂ ಬೇಕಾಗಿಲ್ಲ."

ಸುತ್ತಲಿದ್ದವರು ನಕ್ಕರು. ನಾನು ಕೊಂಡೆ.

ನನಗೆ ಗಾಡಿಯ ಶೋಕಿ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಗೊತ್ತಿರಲಿಲ್ಲ. ಶೋಕಿ ಇದ್ದದ್ದು ನನ್ನ ಗೆಳೆಯನಿಗೆ. ಕಾಲೇಜಿನ ಮೂರು ವರ್ಷ ನಾವಿಬ್ಬರೂ ಚರ್ಚಾಸ್ಪರ್ಧೆಗಳ ಜೋಡಿ. ಅವನು ಮೊದಲು ಮಾತಾಡಿ ನೆಲ ಹದ ಮಾಡುತ್ತಿದ್ದ. ನಾನು ಕೊನೆಯಲ್ಲಿ ಎದ್ದು ಎದುರಾಳಿಗಳ ಮಾತನ್ನು ಒಂದೊಂದಾಗಿ ಕೀಳುತ್ತಿದ್ದೆ. ಹಲಸೂರು ಕೆರೆಯ ಕಟ್ಟೆಯ ಮೇಲೆ ಕೂತು ನಾವು ಹಾಕಿದ್ದ ಯೋಜನೆಗಳಲ್ಲಿ ಒಂದು ಇದು: ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮುರಿದ ಗಾಡಿಗಳನ್ನು ಮಾರುತ್ತಾರೆ, ಒಂದನ್ನು ಕೊಳ್ಳುವುದು, ಸರಿಮಾಡಿಕೊಂಡು ಮದರಾಸಿನ ಸಮುದ್ರದವರೆಗೆ ಹೋಗುವುದು.

"ರಿಪೇರಿ ನಂದು, ಚೌಕಾಸಿ ನಿಂದು," ಎಂದಿದ್ದ ಅವನು. "ನೀನು ಐದು ನಿಮಿಷ ವಾದ ಮಾಡಿದ್ರೆ ಸಾಕು ಕಣೋ, ಪುಕ್ಕಟೆ ಕೊಟ್ಟು ಕಳಿಸ್ತಾರೆ."

ಅವನ ತಂದೆ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರು, ಎಲ್ಲರ ಬಾಯಲ್ಲೂ ಮೇಸ್ತ್ರಿ. ಕೃಷ್ಣರಾಜಪುರದಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅವರ ಮನೆಗೆ ಹೊಸದಾಗಿ ತಗಡಿನ ಸೂರು ಹಾಕಿಸಿದ್ದರು. ಕೆರೆಯ ಕಟ್ಟೆಯ ಮೇಲೇ ಒಂದು ಸಂಜೆ ಗೆಳೆಯ ಹೇಳಿದ್ದ: "ಮಳೆ ಬಂದ್ರೆ ನಮ್ಮನೇಲಿ ಬ್ಯಾಂಡ್ ಬಾರಿಸ್ದಂಗಾಗುತ್ತೆ. ಮಿಲಿಟರಿ ಶೀಟು ಕಣೋ, ಸದ್ದೂ ಮಿಲಿಟರೀದೇ." ಅದು ತಮಾಷೆ. ನಾನೂ ನಕ್ಕಿದ್ದೆ.

ಕೊನೆಯ ವರ್ಷ ಒಂದು ದೊಡ್ಡ ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ನಾವಿಬ್ಬರೂ ಎದುರುಬದುರಾದೆವು. ಯುದ್ಧದಿಂದ ದೇಶಕ್ಕೆ ಲಾಭವೇ ಆಗಿದೆ ಎಂಬುದು ವಿಷಯ. ಅವನು ಪರ, ನಾನು ವಿರುದ್ಧ. ಅವತ್ತು ಅವನು ಚೆನ್ನಾಗಿ ಮಾತಾಡಿದ. ಕಾರ್ಖಾನೆ, ಕಸಬು, ಕೈಗಳಿಗೆ ಸಿಕ್ಕ ಕೆಲಸ ಎಂದೆಲ್ಲ. ಸಭೆ ಅವನ ಕಡೆ ವಾಲುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕೊನೆಯ ಉತ್ತರ ನನ್ನದು. ಎದ್ದು ನಿಂತು ಹೇಳಿದೆ: "ಯುದ್ಧದಿಂದ ಲಾಭವಾಗಿಲ್ಲ ಎಂದು ನಾನು ಹೇಳಲಾರೆ. ಸಂದೇಹವಿದ್ದವರು ಕೃಷ್ಣರಾಜಪುರಕ್ಕೆ ಹೋಗಿ, ನನ್ನ ಮಿತ್ರರ ಮನೆಯ ಸೂರಿನ ಮೇಲಿರುವ ಮಿಲಿಟರಿ ತಗಡನ್ನು ನೋಡಿಬರಬಹುದು."

ಸಭೆ ಬಿದ್ದು ಬಿದ್ದು ನಕ್ಕಿತು. ಬಹುಮಾನದ ಬಟ್ಟಲು ನನಗೆ ಬಂತು. ಮಾತು ಮಿಲಿಟರಿಯವರ ಕಿವಿಗೂ ಬಿತ್ತು, ಮುಂದಿನ ವಾರ ಅವರ ಇಬ್ಬರು ಅಧಿಕಾರಿಗಳು ನಿಜವಾಗಿಯೂ ಕೃಷ್ಣರಾಜಪುರಕ್ಕೆ ಹೋಗಿ ಸೂರನ್ನು ನೋಡಿಬಂದರು.

ಮೇಸ್ತ್ರಿಯ ಬಳಿ ಗೇಟ್ ಪಾಸ್ ಇತ್ತು. ಹಳೆಯ ಶೆಡ್ಡು ಕಿತ್ತಾಗ ಬೇಡವಾದ ಆರು ತಗಡನ್ನು ತೆಗೆದುಕೊಂಡು ಹೋಗಲು ಮೇಲಿನವರೇ ಸಹಿ ಮಾಡಿ ಕೊಟ್ಟಿದ್ದ ಪಾಸು. ಅಧಿಕಾರಿಗಳು ನೋಡಿದರು, ಸರಿ ಎಂದರು, ಹೋದರು. ಮರುದಿನದಿಂದ ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ. ಇಪ್ಪತ್ತು ವರ್ಷ ಒಳಗೆ ಹೋಗಿ ಹೊರಗೆ ಬಂದ ಗೇಟಿನಲ್ಲಿ ಇನ್ನು ತಮ್ಮ ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡುತ್ತಾರೆ ಎಂದರಂತೆ. ಇದಿಷ್ಟೂ ನನಗೆ ಬೇರೆಯವರ ಬಾಯಿಂದ ತಿಳಿಯಿತು. ಗೆಳೆಯ ನನ್ನೊಂದಿಗೆ ಆ ಸಭೆಯಿಂದಾಚೆ ಒಂದು ಮಾತೂ ಆಡಲಿಲ್ಲ.

ದೇವರಿಂದ ಹಿಡಿದು ಜಾತಕದವರೆಗೆ ಎಲ್ಲಕ್ಕೂ ಪುರಾವೆ ಕೇಳಿ ಜನರ ಪ್ರಾಣ ಹಿಂಡುತ್ತಿದ್ದವನು ನಾನು. ಆ ತಗಡಿನ ಬಗ್ಗೆ ಮಾತ್ರ ಪುರಾವೆ ಕೇಳಿರಲಿಲ್ಲ. ನಗು ಬರುತ್ತದೆ ಎಂದು ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ಹಾಗಾಗಿ ಗಾಡಿ ಕೊಂಡದ್ದು. ಅದನ್ನು ನನ್ನ ಕೈಯಾರೆ ಸರಿಮಾಡಿ, ಕೃಷ್ಣರಾಜಪುರದ ಆ ಮನೆಯ ಮುಂದೆ ನಿಲ್ಲಿಸಿದರೆ, ಆ ಸದ್ದಿಗಾದರೂ ಅವನು ಹೊರಗೆ ಬರುತ್ತಾನೆ. ಬಂದರೆ ಒಂದು ಮಾತಾದರೂ ಆಡುತ್ತಾನೆ. ಇದು ತರ್ಕವಲ್ಲ ಎಂದು ನನಗೂ ಗೊತ್ತು. ಬೇರೆ ಯಾವ ದಾರಿಯೂ ಉಳಿದಿರಲಿಲ್ಲ. ಬರೆದ ಪತ್ರಗಳು ಒಡೆಯದೆ ವಾಪಸು ಬಂದಿದ್ದವು.

ನಾನಿದ್ದದ್ದು ಹಲಸೂರಿನ ಒಂದು ವಠಾರದಲ್ಲಿ, ಮೇಲಿನ ಒಂಟಿ ಕೋಣೆಯಲ್ಲಿ. ಹಗಲು ಒಬ್ಬ ವಕೀಲರ ಕಚೇರಿಯಲ್ಲಿ ಕಾಗದ ನಕಲು ಮಾಡುವುದು. ತಾಯಿ ತುಮಕೂರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಒತ್ತುಗಾಡಿಯಲ್ಲಿ ಮೋಟಾರ್ ಸೈಕಲ್ಲನ್ನು ತಂದು ಇಳಿಸಿದಾಗ, ಮನೆ ಒಡತಿ, ತಮಿಳಿನ ಮುದುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಎನ್ನ ತಂಬಿ ಇದು? ಸತ್ತ ಎಮ್ಮೇನ ಎಳ್ಕೊಂಡ್ ಬಂದಂಗಿದೆ!"

"ಬದುಕಿಸ್ತೀನಿ, ಪಾಟಿ."

"ನೀನಾ? ನಿನ್ ಸ್ಟವ್‌ನ ನಾನ್ ತಾನೇ ಹಚ್ಕೊಡೋದು!"

ಮೆಟ್ಟಿಲ ಕೆಳಗಿನ ಜಾಗ ಕೊಟ್ಟರು. ಅವರ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಗೆಳೆಯ ಬಿಟ್ಟುಹೋದ ಮೇಲೂ ನಾನು ಅಭ್ಯಾಸ ಬಿಟ್ಟಿರಲಿಲ್ಲ. ಸಂಜೆ ಕೋಣೆಯಲ್ಲಿ ಯಾವುದಾದರೂ ವಿಷಯ ತೆಗೆದುಕೊಂಡು, ಕಿಟಕಿಯ ಪಕ್ಕ ನಿಂತು ಪರವಾಗಿ, ಬಾಗಿಲ ಪಕ್ಕ ನಿಂತು ವಿರುದ್ಧವಾಗಿ ಮಾತಾಡುತ್ತಿದ್ದೆ. ಕಿಟಕಿಯ ಕಡೆಯವನಿಗೆ ನನಗೇ ತಿಳಿಯದಂತೆ ಗೆಳೆಯನ ಗಂಟಲು ಬಂದುಬಿಡುತ್ತಿತ್ತು. ಒಂದು ದಿನ ಅದರ ಮಧ್ಯೆ ಬಾಗಿಲು ತಟ್ಟಿತು. ಮುದುಕಿ ಎರಡು ಲೋಟ ಕಾಫಿ ಹಿಡಿದು ನಿಂತಿದ್ದರು. ಒಳಗೆ ಇಣುಕಿ ನೋಡಿದರು, ನನ್ನ ಮುಖ ನೋಡಿದರು. ಎರಡೂ ಲೋಟವನ್ನು ಇಟ್ಟು ಇಳಿದುಹೋದರು. ನಾನು ಎರಡನ್ನೂ ಕುಡಿದೆ. ಆಮೇಲೆ ಪಿಸುದನಿಯಲ್ಲಿ ವಾದ ಮಾಡಲು ಕಲಿತೆ. ಅದರಲ್ಲಿ ಯಾರೂ ಗೆಲ್ಲುತ್ತಿರಲಿಲ್ಲ.

ಭಾನುವಾರಗಳು ಗಾಡಿಗೆ ಹೋದವು. ಅದೇ ಕಂಪನಿಯ ಗಾಡಿಗಳ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಕೈಪಿಡಿಯನ್ನು ಹಳೆ ಪುಸ್ತಕದ ಅಂಗಡಿಯಲ್ಲಿ ಹುಡುಕಿ ತಂದಿದ್ದೆ. ಅದನ್ನು ಕಾನೂನಿನ ಪುಸ್ತಕದಂತೆ ಓದಿದೆ, ಅಂಚಿನಲ್ಲಿ ಟಿಪ್ಪಣಿ ಬರೆದೆ. ಒಂದು ಬೋಲ್ಟು ಬಿಚ್ಚುವುದಕ್ಕೆ ಒಂದು ಗಂಟೆ ಹಿಡಿದದ್ದೂ ಉಂಟು. ಉಗುರಿನ ಸಂದಿಯ ಕಪ್ಪನ್ನು ನೋಡಿ ವಕೀಲರು, "ಏನಯ್ಯಾ, ಮಸಿ ಕುಡಿಕೆಗೇ ಕೈ ಹಾಕ್ತೀಯಾ?" ಎಂದರು. ಚಕ್ರವನ್ನು ಮಾತ್ರ ಬ್ಲಾಕ್‌ಪಲ್ಲಿಗೆ ಒಯ್ದೆ. ಈಗ ಶಿವಾಜಿನಗರ ಎಂದು ಕರೆಯಲು ಹೊರಟಿದ್ದಾರಲ್ಲ, ಅದೇ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುಸಲ್ಮಾನ ಮೆಕ್ಯಾನಿಕ್ಕು ಇದ್ದರು, ಐವತ್ತರ ಆಸುಪಾಸು, ಕಿವಿಯ ಮೇಲೆ ಯಾವಾಗಲೂ ಅರ್ಧ ಬೀಡಿ. ಅವರು ಚಕ್ರವನ್ನೂ ಅದನ್ನು ಹಿಡಿಯುವ ಫೋರ್ಕನ್ನೂ ನೆಟ್ಟಗೆ ಮಾಡಿಕೊಟ್ಟರು.

"ಇಂಜಿನ್ ಯಾರ ಹತ್ರ ಬಿಚ್ಚಿಸ್ತೀರಿ ಸಾಬ್?"

"ನಾನೇ ಬಿಚ್ಚುತ್ತಿದ್ದೇನೆ."

"ಶಾಬಾಶ್. ಬಿಚ್ಚೋಕೆ ಮುಂಚೆ ಗುರುತು ನೋಡ್ಕೊಳ್ಳಿ. ಗುರುತು ಇಲ್ಲಾಂದ್ರೆ ಹಾಕ್ಕೊಳ್ಳಿ. ಅಷ್ಟೇ ಇಲ್ಮು, ಅಷ್ಟೇ ವಿದ್ಯೆ, ಬಾಕಿ ಎಲ್ಲಾ ಎಣ್ಣೆ."

ನನ್ನ ತಪ್ಪು ಎಲ್ಲಿ ಆಯಿತು ಎಂದರೆ ಇಲ್ಲಿ. ಅವರ ಮಾತು ನಾನು ಕೇಳಲಿಲ್ಲ ಎಂದಲ್ಲ, ಕೇಳಿದೆ, ಪರಿಶೀಲಿಸಿದೆ. ಇಂಜಿನಿನ ಪಕ್ಕದ ಮುಚ್ಚಳ ತೆಗೆದರೆ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಗಾಲಿಗಳಿರುತ್ತವೆ. ಒಂದರ ಯಾವ ಹಲ್ಲು ಇನ್ನೊಂದರ ಯಾವ ಸಂದಿಗೆ ಕೂರಬೇಕು ಎಂದು ತೋರಿಸಲು ಕಂಪನಿಯವರೇ ಒಂದೊಂದು ಚುಕ್ಕೆ ಕುಟ್ಟಿರುತ್ತಾರೆ. ಆ ಲೆಕ್ಕ ತಪ್ಪಿದರೆ ಬೆಂಕಿ ಹತ್ತಬೇಕಾದಾಗ ಹತ್ತುವುದಿಲ್ಲ. ನನ್ನ ಗಾಡಿಯಲ್ಲಿ ಎರಡು ಬಗೆಯ ಗುರುತುಗಳಿದ್ದವು. ಒಂದು ಕಂಪನಿಯ ಚುಕ್ಕೆ. ಅದರಿಂದ ಸ್ವಲ್ಪ ಆಚೆ, ಯಾರೋ ಕೈಯಿಂದ ಕುಟ್ಟಿದ ಮೂರು ಚುಕ್ಕೆ, ಒಲೆಯ ಮೂರು ಗುಂಡಿನ ಹಾಗೆ.

ಎರಡು ಸಾಕ್ಷಿಗಳು ಒಂದಕ್ಕೊಂದು ವಿರುದ್ಧ ಹೇಳಿದರೆ ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಕೈಪಿಡಿ ಕಂಪನಿಯ ಚುಕ್ಕೆಯ ಪರವಾಗಿತ್ತು. ಮೂರು ಚುಕ್ಕೆಯ ಪರವಾಗಿ ಯಾರಿದ್ದರು? ಹೆಸರಿಲ್ಲದ ಯಾವನೋ ಕೈಯಾಳು. ಇನ್ನೊಮ್ಮೆ ಬಿಚ್ಚಿದಾಗ ಗೊಂದಲವಾಗಬಾರದು ಎಂದು ಅರ ತೆಗೆದುಕೊಂಡು ಮೂರು ಚುಕ್ಕೆಯನ್ನೂ ಉಜ್ಜಿ ಹಾಕಿದೆ. ಅಕ್ಕಪಕ್ಕದ ನಾಲ್ಕಾರು ಹಲ್ಲುಗಳಿಗೂ ಮರಳು ಕಾಗದ ಹಾಕಿ ಹೊಳಪು ತಂದೆ. ಆಮೇಲೆ ಇಡೀ ಹಲ್ಲುಗಾಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆ ಪತ್ರಿಕೆಯ ಮೇಲೆ ಒಣಗಲು ಇಟ್ಟೆ. ತುಂಬ ಸಮಾಧಾನವಾಗಿತ್ತು.

ಎಲ್ಲ ಜೋಡಿಸಿದ ಭಾನುವಾರ ಪೆಟ್ರೋಲಿನ ರೇಷನ್ ಕೂಪನ್ನಿಗೆ ಸಿಕ್ಕಿದಷ್ಟನ್ನು ಟ್ಯಾಂಕಿಗೆ ಹಾಕಿ ಒದ್ದೆ. ಗಾಡಿ ಕೆಮ್ಮಿತು. ಇನ್ನೊಮ್ಮೆ ಒದ್ದೆ. ಹಿಂದಿನ ಕೊಳವೆಯಲ್ಲಿ ಪಟಾಕಿಯಂತೆ ಸಿಡಿಯಿತು. ಕಿಕ್ಕರ್ ತಿರುಗಿ ಬಂದು ಮೊಣಕಾಲ ಕೆಳಗೆ ಬಾರಿಸಿತು. ಮೇಲಿಂದ ಮುದುಕಿ, "ಐಯೋ, ಎಮ್ಮೆ ಒದೀತಾ ತಂಬಿ?" ಎಂದು ಕೂಗಿದರು. ಒಂದು ವಾರ ಕುಂಟಿದೆ. ಮುಂದಿನ ಭಾನುವಾರ ಹಲಸೂರಿನಿಂದ ಬ್ಲಾಕ್‌ಪಲ್ಲಿಗೆ ಗಾಡಿಯನ್ನು ತಳ್ಳಿಕೊಂಡು ಹೋದೆ.

ಮೆಕ್ಯಾನಿಕ್ಕು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೂ ಹಿಡಿಯನ್ನು ಕಿವಿಗೂ ಒತ್ತಿ, "ಮೆಲ್ಲಗೆ ತುಳೀರಿ," ಎಂದರು. ನಾನು ತುಳಿಯುತ್ತ, ಕಾರ್ಬ್ಯುರೇಟರಿನಲ್ಲೇ ದೋಷವಿರಬೇಕು, ಏಕೆಂದರೆ ಮೊದಲನೆಯದಾಗಿ...

"ಸಾಬ್. ನಿಮ್ಮದೂ ಬಾಯಿ, ಇಂಜಿನ್‌ದೂ ಬಾಯಿ. ಒಂದೊಂದೇ ಮಾತಾಡ್ಲಿ."

ಬರೀ ತುಳಿದೆ. ಅವರು ಮುಚ್ಚಳ ಬಿಚ್ಚಿ, ದೊಡ್ಡ ಹಲ್ಲುಗಾಲಿಯನ್ನು ಹೊರಗೆ ತೆಗೆದು, ಹೊಳೆಯುತ್ತಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

"ಇಲ್ಲಿ ಏನಿತ್ತು?"

"ಮೂರು ಚುಕ್ಕೆ. ತಪ್ಪು ಗುರುತು. ಅಳಿಸಿದೆ."

ಅವರು ಬೀಡಿಯನ್ನು ಕಿವಿಯಿಂದ ತೆಗೆದು, ಹಚ್ಚದೆ, ಮತ್ತೆ ಅಲ್ಲೇ ಇಟ್ಟರು. "ಮೂರು ಚುಕ್ಕೆ, ಚೂಲ್ಹಾ ಥರಾ?"

"ಹೌದು."

"ಅದು ದೊಡ್ಡ ಮೇಸ್ತ್ರಿ ಕೈ. ಯುದ್ಧದಲ್ಲಿ ಎರಡು ವರ್ಷ ನಾನೂ ಅವರ ಕೆಳಗೆ ಇದ್ದೆ. ಅವರು ಗುರುತು ಹಾಕಿದ್ದಾರೆ ಅಂದ್ರೆ ಒಳಗೆ ಏನೋ ಬದಲಾಯಿಸಿದ್ದಾರೆ. ನಾನು ಒಂದೊಂದೇ ಹಲ್ಲು ನೋಡ್ತಾ ಹೋಗ್ಬಹುದು, ತಪ್ಪಿದ್ರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತೆ. ಅವರನ್ನೇ ಕೇಳಿ."

"ಎಲ್ಲಿದ್ದಾರೆ?"

"ಕೃಷ್ಣರಾಜಪುರ. ಪಾಪ, ಆ ತಗಡಿಂದು ಗಲಾಟೆ ಆಯ್ತಲ್ಲಾ. ಯಾವನೋ ಕಾಲೇಜು ಹುಡುಗ ಬಾಯಿಗೆ ಬಂದಂಗೆ ಮಾತಾಡಿದ್ನಂತೆ."

ಆ ಹುಡುಗ ನಾನೇ ಎಂದು ಹೇಳಲಿಲ್ಲ. ಹಲ್ಲುಗಾಲಿಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಂಡೆ. ಇದು ವಿಧಿಯ ಕೈವಾಡ ಎಂದು ಯಾರಾದರೂ ಹೇಳಬಹುದು, ನಾನು ಒಪ್ಪುವುದಿಲ್ಲ. ಕಂಟೋನ್ಮೆಂಟಿನ ಗಾಡಿಗಳೆಲ್ಲ ಆ ಒಂದು ವರ್ಕ್‌ಶಾಪಿಗೇ ಹೋಗುತ್ತಿದ್ದವು, ದೊಡ್ಡ ಮೇಸ್ತ್ರಿ ಒಬ್ಬರೇ ಇದ್ದರು. ನಾನು ಯಾವ ಗಾಡಿ ಕೊಂಡಿದ್ದರೂ ಅವರ ಕೈ ತಾಗಿದ್ದೇ ಆಗಿರುತ್ತಿತ್ತು. ಅದನ್ನು ಯೋಚಿಸುವಷ್ಟು ಬುದ್ಧಿ ನನಗೆ ಇರಲಿಲ್ಲ, ಅಷ್ಟೆ.

ಮರು ಭಾನುವಾರ ರೈಲಿನಲ್ಲಿ ಹೋದೆ. ಗೆಳೆಯ ಎದುರಾದರೆ ಹೇಳಬೇಕಾದ ಮಾತನ್ನು ಮೂರು ಭಾಗ ಮಾಡಿಕೊಂಡಿದ್ದೆ: ನಡೆದದ್ದು, ಅದಕ್ಕೆ ನನ್ನ ಹೊಣೆ, ಕ್ಷಮೆ. ಕೃಷ್ಣರಾಜಪುರದಲ್ಲಿ ಇಳಿದು ಕೆರೆ ಏರಿಯ ಕಡೆ ನಡೆದು, ಯಾರನ್ನೂ ಕೇಳದೆ ಮನೆ ಗುರುತಿಸಿದೆ. ಆ ಬೀದಿಯಲ್ಲಿ ತಗಡಿನ ಸೂರು ಒಂದೇ ಇತ್ತು.

ಮೇಸ್ತ್ರಿ ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದರು. ತಲೆ ಎತ್ತಿದರು. ಮಗನ ಜೊತೆ ನನ್ನನ್ನು ಹಿಂದೆ ಕಂಡಿದ್ದವರು, ನಾನು ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ.

"ಅವನಿಲ್ಲ," ಎಂದರು. "ಹೊಸಕೋಟೇಲಿ ಇಸ್ಕೂಲು ಮೇಷ್ಟ್ರು ಆಗವ್ನೆ. ಒಂದೊಂದ್ ಭಾನುವಾರ ಬತ್ತಾನೆ, ಒಂದೊಂದ್ ವಾರ ಇಲ್ಲ."

"ನಿಮ್ಮನ್ನೇ ನೋಡಲು ಬಂದೆ."

ಪತ್ರಿಕೆ ಬಿಚ್ಚಿ ಹಲ್ಲುಗಾಲಿಗಳನ್ನು ಅವರ ಮುಂದೆ ಇಟ್ಟೆ. ಅವರು ದೊಡ್ಡದನ್ನು ಎತ್ತಿ ಬೆಳಕಿಗೆ ಹಿಡಿದರು.

"ಉಜ್ಜಿದೋನು ನೀನೇನಾ?"

"ಹೌದು."

"ಯಾಕೆ?"

ಉತ್ತರ ಇತ್ತು. ಎರಡು ಸಾಕ್ಷಿ, ಕೈಪಿಡಿ, ಎಲ್ಲವೂ ಇತ್ತು. "ನಂಬಲಿಲ್ಲ," ಎಂದೆ.

ಅವರು ಹಲ್ಲುಗಾಲಿಯನ್ನು ಕೆಳಗಿಟ್ಟು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ತಗಡಿನ ಡಬ್ಬಿ. ಅದರಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟರು.

"ಓದು."

ಗೇಟ್ ಪಾಸು. ಕಣ್ಣಾಡಿಸಿ ವಾಪಸು ಕೊಡಲು ಹೋದೆ.

"ಜೋರಾಗಿ ಓದು. ಅವತ್ತು ಜೋರಾಗಿ ತಾನೆ ಏಳಿದ್ದು?"

ಓದಿದೆ. ಇಂಗ್ಲಿಷಿನ ನಾಲ್ಕು ಸಾಲು. ಆರು ತಗಡು, ಹಳೆಯವು, ಇವರ ಸ್ವಂತ ಉಪಯೋಗಕ್ಕೆ, ಗೇಟಿನಲ್ಲಿ ತಡೆಯಬಾರದು. ಕೆಳಗೆ ಒಬ್ಬ ಅಧಿಕಾರಿಯ ಸಹಿ. ಸಾವಿರ ಜನರ ಮುಂದೆ ತಡವರಿಸದ ನಾನು ಒಬ್ಬ ಮೇಸ್ತ್ರಿ ಮತ್ತು ಎರಡು ಕೋಳಿಗಳ ಮುಂದೆ ಎರಡು ಸಲ ಸಾಲು ತಪ್ಪಿ ಮತ್ತೆ ಮೊದಲಿಂದ ಓದಿದೆ. ಮುಗಿದ ಮೇಲೆ, "ಕನ್ನಡದಾಗೆ ಏಳು," ಎಂದರು. ಕನ್ನಡದಲ್ಲಿ ಹೇಳಿದೆ. ಆಗ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಗೆಳೆಯನ ತಾಯಿ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರು.

ಮೇಸ್ತ್ರಿ ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಿಸಿ ಡಬ್ಬಿಗೆ ಹಾಕಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಉಳಿ, ಸುತ್ತಿಗೆ ತರಿಸಿಕೊಂಡರು.

"ಈ ದೊಡ್ಡ ಗಾಲಿ ಈ ಇಂಜಿನ್ದಲ್ಲ. ಇದರದ್ದು ಸವೆದೋಗಿತ್ತು, ಬ್ಯಾರೆ ಗಾಡೀದು ತಂದು ಹಾಕ್ದೆ. ಅದಕ್ಕೇ ಒಂದು ಹಲ್ಲು ಹಿಂದೆ. ನೀನು ಪುಸ್ತಕ ನೋಡ್ಕಂಡು ಉಜ್ಜಿರ್ತೀಯ. ಅದನ್ನ ಬರ್ದೋನು ಈ ಇಂಜಿನ್ ನೋಡಿದ್ನಾ?"

"ಇಲ್ಲ."

"ನಾನ್ ನೋಡಿದ್ದೆ. ಚೆನ್ನಾಗಿ ಓಡ್ತಿತ್ತು. ಆಮೇಲೆ ಯಾವನೋ ಲಾರಿ ಅತ್ತಿಸ್ದ."

ಟಕ್, ಟಕ್, ಟಕ್. ಅದೇ ಜಾಗದಲ್ಲಿ, ಹಳೆಯ ಹೊಳಪಿನ ಮೇಲೆ, ಹೊಸ ಮೂರು ಚುಕ್ಕೆ. ಪತ್ರಿಕೆಯಲ್ಲಿ ಅವರೇ ಸುತ್ತಿಕೊಟ್ಟರು. ನಾನು ಕ್ಷಮೆಯ ಮಾತು ತೆಗೆಯಲು ಬಾಯಿ ತೆರೆದೆ. "ರೈಲಿಗೆ ಒತ್ತಾಯ್ತು," ಎಂದರು ಅವರು.

ಗಾಡಿ ಮರುವಾರ ಬ್ಲಾಕ್‌ಪಲ್ಲಿಯ ಗಲ್ಲಿಯಲ್ಲಿ ಎರಡನೇ ಒದೆತಕ್ಕೇ ಎದ್ದಿತು. ಮೆಕ್ಯಾನಿಕ್ಕು ಕೊನೆಗೂ ಆ ಬೀಡಿ ಹಚ್ಚಿದರು. ಓಡಿಸಲು ಕಲಿಯಲು ಒಂದು ತಿಂಗಳು ಹಿಡಿಯಿತು. ಮರ್ಫಿ ಟೌನಿನ ಓಣಿಗಳಲ್ಲಿ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಕೂಪನ್ನುಗಳನ್ನು ಉಳಿಸಿ ಉಳಿಸಿ, ಒಂದು ಭಾನುವಾರ ಬೆಳಗ್ಗೆ ಮದರಾಸು ರಸ್ತೆ ಹಿಡಿದು ಹೊರಟೆ. ಹಲಸೂರು ದಾಟಿದರೆ ಊರು ಮುಗಿಯಿತು. ಎರಡೂ ಕಡೆ ರಾಗಿ ಹೊಲ, ಮಾವಿನ ತೋಪು. ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿಯ ಕೆರೆ. ತರಕಾರಿ ಗಾಡಿಗಳ ಎತ್ತುಗಳು ನನ್ನ ಸದ್ದಿಗೆ ಬೆದರುತ್ತಿದ್ದವು; ಗಾಡಿಯವರು ಕೊಡುತ್ತಿದ್ದ ಬೈಗುಳ ಗಾಳಿಗೆ ಅರ್ಧವೇ ಕೇಳಿಸುತ್ತಿತ್ತು. ಹಿಂದಿನ ಕ್ಯಾರಿಯರ್ ಮೇಲೆ ಒಂದು ಮೆತ್ತೆ ಕಟ್ಟಿಸಿದ್ದೆ. ತಗ್ಗು ದಿಣ್ಣೆಗಳಲ್ಲಿ ಅದು ಖಾಲಿ ಕುಣಿಯುತ್ತಿತ್ತು. ಮೂರು ಭಾಗದ ಮಾತನ್ನು ಹೆಲ್ಮೆಟ್ಟಿಲ್ಲದ ತಲೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ.

ಅವನು ಮನೆಯಲ್ಲಿದ್ದ. ನಾನು ಅಂದುಕೊಂಡಂತೆ ಸದ್ದಿಗೇ ಹೊರಗೆ ಬಂದ. ಅಂಗಿ ಇಲ್ಲದೆ, ಹೆಗಲ ಮೇಲೆ ಟವಲು. ಸಣ್ಣಗಾಗಿದ್ದ. ನಾನು ಗಾಡಿ ಆರಿಸಿ ಇಳಿದೆ. ಅವನು ನನ್ನನ್ನು ನೋಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿನ ಮೇಲೆ ನಾನು ಬಣ್ಣ ಬಳಿದರೂ ಒಳಗಿಂದ ಕಾಣುತ್ತಿದ್ದ ಬಿಳಿ ಗೀಟುಗಳ ಮೇಲೆ ಬೆರಳಾಡಿಸಿದ. ಕೂತು ಇಂಜಿನಿನ ಮುಚ್ಚಳ ನೋಡಿದ. ನಾನು, "ಅವತ್ತು ನಾನು..." ಎಂದು ಶುರು ಮಾಡಿದೆ.

ಅವನು ಎದ್ದು, ಕಾಲು ಹಾಕಿ, ಒಂದೇ ಒದೆತಕ್ಕೆ ಗಾಡಿ ಎಬ್ಬಿಸಿದ.

ನಾನು ನಿಲ್ಲಿಸಲಿಲ್ಲ. ನಡೆದದ್ದು, ನನ್ನ ಹೊಣೆ, ಕ್ಷಮೆ, ಮೂರನ್ನೂ ಹೇಳಿದೆ. ಇಂಜಿನಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಅವನು ಆಕ್ಸಿಲರೇಟರ್ ಹಿಂಡುತ್ತ, ಪೂರ್ತಿ ಹೇಳಲು ಬಿಟ್ಟು, ನನ್ನ ತುಟಿ ನಿಂತ ಮೇಲೆ ಹೊರಟುಹೋದ. ಕೆರೆ ಏರಿಯ ಮೇಲೆ ಧೂಳು ಎದ್ದಿತು.

ಮೇಸ್ತ್ರಿಯ ಪಕ್ಕ ಜಗಲಿಯ ಮೇಲೆ ಕೂತೆ. ಸದ್ದು ದೂರವಾಗಿ, ಆಮೇಲೆ ಇಲ್ಲವೇ ಆಯಿತು.

"ಹಲ್ಲು ಚೆನ್ನಾಗಿ ಕೂತದೆ," ಎಂದರು ಮೇಸ್ತ್ರಿ.

"ಬರ್ತಾನಾ?"

"ಗಾಡಿ ನಿಂದಲ್ವಾ, ಬರದೆ ಎಲ್ಲೋಗ್ತಾನೆ?"

ಗೆಳೆಯನ ತಾಯಿ ಒಳಗಿಂದ ಬಂದು ಒಂದು ಲೋಟ ಮಜ್ಜಿಗೆ ಇಟ್ಟು, ಮುಖ ನೋಡದೆ ಹೋದರು. ಅವನು ಬಂದ. ಗಾಡಿಯನ್ನು ನಾನು ನಿಲ್ಲಿಸಿದ್ದ ಜಾಗದಲ್ಲೇ, ಸ್ಟ್ಯಾಂಡಿನ ಗುರುತಿನ ಮೇಲೇ ನಿಲ್ಲಿಸಿದ. ಟವಲಿನಿಂದ ಮುಖದ ಧೂಳು ಒರೆಸಿಕೊಂಡ. ಬಾಗಿಲ ಹತ್ತಿರ ಹೋಗಿ, ಹೊಸಿಲ ಮೇಲೆ ನಿಂತು, ತಿರುಗದೆ ಹೇಳಿದ:

"ಎಡಕ್ಕೆ ಎಳೆಯುತ್ತೆ."

ಒಳಗೆ ಹೋದ. ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಮಜ್ಜಿಗೆ ಕುಡಿದು, ಮೇಸ್ತ್ರಿಗೆ ಕೈ ಮುಗಿದು ಹೊರಟೆ.

ದಾರಿಯುದ್ದಕ್ಕೂ ಆ ಎರಡು ಮಾತನ್ನೇ ಹಿಡಿದುಕೊಂಡು ಬಂದೆ. ಇದು ಅವನು ತೆರೆದ ಬಾಗಿಲು ಎಂದುಕೊಂಡೆ. ದೋಷ ಎತ್ತಿ ತೋರಿಸಿದವನು ಉತ್ತರ ಬಯಸುತ್ತಾನೆ. ಸರಿಮಾಡಿಸಿಕೊಂಡು ಮತ್ತೆ ಹೋಗಬೇಕು, "ಈಗ ನೋಡು" ಎನ್ನಬೇಕು. ನೇರವಾಗಿ ಬ್ಲಾಕ್‌ಪಲ್ಲಿಗೆ ಹೋದೆ. ಮೆಕ್ಯಾನಿಕ್ಕು ಫೋರ್ಕಿಗೆ ದಾರ ಹಿಡಿದು ಅಳೆದರು, ಚಕ್ರ ತಿರುಗಿಸಿ ನೋಡಿದರು, ಆಮೇಲೆ ಹ್ಯಾಂಡಲಿನಿಂದ ಕೈ ತೆಗೆದು ಮಾರ್ಕೆಟ್ಟಿನ ಸುತ್ತ ಓಡಿಸಿಕೊಂಡು ಬಂದರು.

"ಎಡಕ್ಕೂ ಎಳೆಯಲ್ಲ, ಬಲಕ್ಕೂ ಎಳೆಯಲ್ಲ. ದಾರದಂಗೆ ಹೋಗುತ್ತೆ. ಯಾರು ಹೇಳಿದ್ದು?"

"ಗೊತ್ತಿರುವವನೇ ಹೇಳಿದ್ದು."

"ಗೊತ್ತಿರೋನು ಹಂಗೆ ಹೇಳಲ್ಲ ಸಾಬ್."

ಅಂದರೆ ಅವನು ಹೇಳಿದ್ದು ಸುಳ್ಳು. ದೊಡ್ಡ ಮೇಸ್ತ್ರಿಯ ಮಗ, ನೆಟ್ಟಗಿರುವ ಗಾಡಿಯನ್ನು ಸೊಟ್ಟ ಎಂದು ತಪ್ಪಿ ಹೇಳುವವನಲ್ಲ. ಏನೋ ಒಂದನ್ನು ಹೇಳಿ ಮುಗಿಸಬೇಕಾಗಿತ್ತೋ, ಇಲ್ಲ, ಆಧಾರವಿಲ್ಲದ ಒಂದು ಮಾತನ್ನು ಹೊತ್ತುಕೊಂಡು ಹೋಗುವುದು ಹೇಗಿರುತ್ತದೆ ಎಂದು ನನಗೆ ತೋರಿಸಬೇಕಾಗಿತ್ತೋ. ಎರಡಕ್ಕೂ ನನ್ನ ಬಳಿ ಪುರಾವೆ ಇಲ್ಲ. ಅವನ ಮಾತು ತಪ್ಪು ಎನ್ನುವುದಕ್ಕೆ ಮಾತ್ರ ಪುರಾವೆ ಇದೆ, ಸಾಕ್ಷಿಯೂ ಇದ್ದಾರೆ. ಒಂದು ಭಾನುವಾರ ಅಲ್ಲಿಗೆ ಹೋಗಿ ಐದು ನಿಮಿಷದಲ್ಲಿ ಗೆದ್ದು ಬರಬಹುದು.

ಹೋಗಿಲ್ಲ. ಗಾಡಿ ಇನ್ನೂ ನನ್ನ ಬಳಿಯೇ ಇದೆ, ವಕೀಲರ ಕಚೇರಿಗೆ ಅದರಲ್ಲೇ ಹೋಗುತ್ತೇನೆ. ಮೆತ್ತೆಯನ್ನು ಬಿಚ್ಚಿಲ್ಲ, ಅದರ ಮೇಲೆ ಫೈಲು ಕಟ್ಟಿಕೊಳ್ಳುತ್ತೇನೆ. ಮೊನ್ನೆ ಹಲಸೂರಿನ ತಿರುವಿನಲ್ಲಿ ಮುದುಕಿ ಮಾರ್ಕೆಟ್ಟಿನಿಂದ ಬರುತ್ತಿದ್ದವರು ನನ್ನನ್ನು ನೋಡಿದರಂತೆ. ಸಂಜೆ ಕೇಳಿದರು: "ರೋಡು ನೆಟ್ಟಗೇ ಇತ್ತಲ್ಲ ತಂಬಿ, ನೀನ್ಯಾಕೆ ಹ್ಯಾಂಡಲ್‌ನ ಬಲಕ್ಕೆ ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೆ?"

"ಎಡಕ್ಕೆ ಎಳೆಯುತ್ತೆ, ಪಾಟಿ," ಎಂದೆ.